ಹಳದಿಯಾಗದ ಮಣ್ಣು

ಮೂರನೆಯ ಟ್ಯೂಬು ಹಳದಿಯಾಗಲಿಲ್ಲ.

ಅವಳು ಇನ್ನೆರಡು ಹನಿ ಕ್ಷಾರ ಬಿಟ್ಟಳು. ಕಿಟಕಿಯ ಬೆಳಕಿಗೆ ಎತ್ತಿ ಹಿಡಿದಳು. ಕಣ್ಣು ಕಿರಿದು ಮಾಡಿ ನೋಡಿದಳು, ಕನ್ನಡಕ ತೆಗೆದು ನೋಡಿದಳು, ಒರೆಸಿ ಹಾಕಿಕೊಂಡು ನೋಡಿದಳು. ಒಳಗಿದ್ದದ್ದು ನೀರಿನಷ್ಟೇ ತಿಳಿಯಾಗಿತ್ತು.

ಮೊದಲನೆಯ ಟ್ಯೂಬಿನಲ್ಲಿ ಹೆಣ ಸಿಕ್ಕಿದ ಜೇಡಿಗುಂಡಿಯ ಅಂಚಿನಿಂದ ಬೆಳಿಗ್ಗೆ ಅವಳೇ ಅಗೆದು ತಂದ ಮಣ್ಣು. ಅದು ಅರಿಶಿನ ಕದಡಿದ ಹಾಗೆ ಗಾಢ ಹಳದಿ. ಎರಡನೆಯದರಲ್ಲಿ ಮನೆಯ ಬಾಗಿಲಲ್ಲಿ ಬಿದ್ದಿದ್ದ ತಮ್ಮನ ಚಪ್ಪಲಿಯಿಂದ ಕೆರೆದ ಮಣ್ಣು. ಅದು ತೆಳು ಹಳದಿ. ನಾಲ್ಕನೆಯದರಲ್ಲಿ ಮಣ್ಣೇ ಇರಲಿಲ್ಲ, ಹೋಲಿಕೆಗೆಂದು ಖಾಲಿ ಬಿಟ್ಟದ್ದು. ಮೂರನೆಯದೂ ನಾಲ್ಕನೆಯದೂ ಅವಳಿಗಳ ಹಾಗೆ ಒಂದೇ ಥರ ನಿಂತಿದ್ದವು.

ಮೂರನೆಯದರಲ್ಲಿ ಇದ್ದದ್ದು ತಮ್ಮನ ಗುದ್ದಲಿಯ ಮಣ್ಣು.

ಆ ಗುದ್ದಲಿಗಾಗಿಯೇ ಸೋಮವಾರದಿಂದ ಅವನು ಲಾಕಪ್ಪಿನಲ್ಲಿದ್ದ. ಸಸಿ ನರ್ಸರಿಯ ಮಾಲೀಕನನ್ನು ಕೊಂದು, ಊರಾಚೆಯ ಜೇಡಿಗುಂಡಿಯಲ್ಲಿ ಹೂತದ್ದು ನರ್ಸರಿಯಲ್ಲಿ ಸಸಿಗುಂಡಿ ತೋಡುವ ತಮ್ಮನೇ ಎಂದು ಪೊಲೀಸರು ತೀರ್ಮಾನಿಸಿ ಆಗಿತ್ತು. ಸಂಜೆ ನಾಲ್ಕಕ್ಕೆ ಇನ್‌ಸ್ಪೆಕ್ಟರ್ ಮಣ್ಣಿನ ವರದಿ ಒಯ್ಯಲು ಬರುವವರಿದ್ದರು. ನಾಳೆ ಬೆಳಿಗ್ಗೆ ಕೋರ್ಟು.

ಗೋಡೆಯ ಗಡಿಯಾರ ಒಂದು ಐವತ್ತು ತೋರಿಸುತ್ತಿತ್ತು.

ಅವಳು ಈ ಮಣ್ಣನ್ನು ಮುಟ್ಟಲೇಬಾರದಿತ್ತು. ಆರೋಪಿಯ ಅಕ್ಕ ಆರೋಪಿಯ ಸಾಕ್ಷ್ಯದ ಹತ್ತಿರ ಸುಳಿಯಕೂಡದು ಎಂದು ಪರೀಕ್ಷಾಲಯದ ಮುಖ್ಯಸ್ಥೆ ಸೋಮವಾರವೇ ಬರೆದು ಕೊಟ್ಟಿದ್ದರು. ಅದಕ್ಕೆ ಸಹಿ ಹಾಕಿದವಳೂ ಅವಳೇ. ಈ ಹೊತ್ತು ಹನ್ನೆರಡೂವರೆಗೆ, ಎಲ್ಲರೂ ಊಟಕ್ಕೆ ಎದ್ದು ಹೋದ ಮೇಲೆ, ಮೇಡಂ ಮೇಜಿನ ಮೇಲೆ ಬಾಯಿ ತೆರೆದೇ ಇದ್ದ ಲಕೋಟೆಯಿಂದ ಒಂದು ಗ್ರಾಂ ಕದ್ದಿದ್ದಳು. ಹದಿನಾಲ್ಕು ವರ್ಷದ ನೌಕರಿಯಲ್ಲಿ ಒಂದು ಪೆನ್ಸಿಲನ್ನೂ ಮನೆಗೆ ಒಯ್ದವಳಲ್ಲ.

ಅವಳನ್ನು ಎಲ್ಲರೂ ಮಣ್ಣಮ್ಮ ಎನ್ನುತ್ತಿದ್ದರು. ಹೆಸರಿಟ್ಟವನು ತಮ್ಮನೇ. ಒಮ್ಮೆ ಅವಳ ಊಟದ ಡಬ್ಬಿ ಕೊಡಲು ಬಂದು, ಅವಳು ಟ್ಯೂಬೊಂದಕ್ಕೆ ಕಿವಿಗೊಟ್ಟಂತೆ ಬಗ್ಗಿ ನಿಂತಿದ್ದನ್ನು ನೋಡಿ, "ಏನಂತೆ ಮಣ್ಣಮ್ಮ, ಮಣ್ಣು ಮನೆ ಸುದ್ದಿ ಹೇಳ್ತಾ?" ಎಂದಿದ್ದ. ಹೆಸರು ಅಂಟಿಕೊಂಡಿತು.

ಮಣ್ಣು ಸುದ್ದಿ ಹೇಳುವುದು ನಿಜ. ಸತ್ತ ಬೇರು, ಉದುರಿದ ಎಲೆ, ಮೂಳೆ, ಮಾಂಸ, ಎಲ್ಲದರಲ್ಲೂ ರಂಜಕ ಸಿಕ್ಕಿಕೊಂಡಿರುತ್ತದೆ. ಅದನ್ನು ಬಿಡಿಸಿ ಮತ್ತೆ ಬದುಕಿಗೆ ಕೊಡುವವರು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು. ಅವು ಕಿಣ್ವ ಎಂಬ ಕತ್ತರಿ ಹಿಡಿದು ಕೆಲಸ ಮಾಡುತ್ತವೆ. ಟ್ಯೂಬಿಗೆ ಹಾಕುವ ಬಣ್ಣವಿಲ್ಲದ ದ್ರಾವಣದಲ್ಲೂ ರಂಜಕ ಕಟ್ಟಿಕೊಂಡಿದೆ. ಕತ್ತರಿ ಅದನ್ನು ಕತ್ತರಿಸಿದರೆ ಉಳಿದದ್ದು ಹಳದಿಯಾಗುತ್ತದೆ. ಕತ್ತರಿ ಹೆಚ್ಚಿದ್ದಷ್ಟೂ ಹಳದಿ ಗಾಢ. ತಮ್ಮನ ಚಪ್ಪಲಿಗೆ ಅಂಟಿದ್ದ ನರ್ಸರಿಯ ಮಣ್ಣು ಮಂಕಾಗಿ ಬಂದದ್ದೂ ಸರಿಯೇ. ಅಲ್ಲಿ ಚೀಲಗಟ್ಟಲೆ ಗೊಬ್ಬರ ಸುರಿಯುತ್ತಾರೆ. ತಟ್ಟೆಗೆ ಬಡಿಸಿಟ್ಟ ಮೇಲೆ ಒಲೆ ಹಚ್ಚುವವರು ಯಾರು? ಸೂಕ್ಷ್ಮಜೀವಿಗಳೂ ಕತ್ತರಿ ಕೆಳಗಿಟ್ಟು ಕೂತುಬಿಡುತ್ತವೆ.

ಆದರೆ ಕೂತಿರುವುದು ಬೇರೆ, ಕತ್ತರಿಯೇ ಇಲ್ಲದಿರುವುದು ಬೇರೆ. ಹೊಲದ್ದಾಗಲಿ, ರಸ್ತೆಬದಿಯದಾಗಲಿ, ಸಮಾಧಿಯದಾಗಲಿ, ಇಷ್ಟು ಸತ್ತ ಮಣ್ಣು ಹೊರಗೆಲ್ಲೂ ಸಿಗುವುದಿಲ್ಲ.

ಫೋನು ನಡುಗಿತು. ಅಮ್ಮ.

"ಊಟ ಮಾಡಿದ್ಯಾ?"

"ಆಮೇಲೆ ಮಾಡ್ತೀನಮ್ಮ."

"ಅವನಿಗೆ ಅಲ್ಲಿ ಹೊದಿಯೋಕೆ ಕೊಟ್ಟಿದ್ದಾರಾ ಕೇಳಿದ್ಯಾ? ಕಾಲು ಮುಚ್ಚದೇ ಇದ್ರೆ ಅವನಿಗೆ ನಿದ್ದೆ ಬರಲ್ಲ."

"ಅವನಿಗೆ ಮೂವತ್ತೊಂದು ವರ್ಷ ಅಮ್ಮ."

"ಕಾಲಿಗೆ ವಯಸ್ಸು ಗೊತ್ತಾಗುತ್ತೇನೇ?" ಅಮ್ಮನ ದನಿ ಒಡೆಯಿತು, ಮತ್ತೆ ಜೋಡಿಸಿಕೊಂಡಿತು. "ನಿನ್ನ ಮಣ್ಣು ಏನಂತೆ?"

"ಈಗಷ್ಟೇ ಬಾಯಿ ಬಿಡ್ತಾ ಇದೆ."

"ಬೇಗ ಬಿಡು ಅನ್ನು. ನಂಗೆ ಎದೆ ಹೊಡ್ಕೋತಾ ಇದೆ."

ಅವಳು ಫೋನು ಕೆಳಗಿಟ್ಟಳು. ಲಕೋಟೆಯ ತಳದಲ್ಲಿದ್ದ ಮಣ್ಣನ್ನು ಕಾಗದದ ಮೇಲೆ ಉದುರಿಸಿ ಭೂತಗನ್ನಡಿ ಹಿಡಿದಳು. ಗುದ್ದಲಿಗೆ ಕಾವು ಸಿಕ್ಕಿಸುವ ತೂತಿನ ಸುತ್ತ ಮೆತ್ತಿಕೊಂಡಿದ್ದ ಕರಿ ಜೇಡಿ. ಅದರಲ್ಲಿ ಕೂದಲೆಳೆಯಂಥ ಬೇರುಗಳು ಹಾಗೇ ಇದ್ದವು. ಸುಟ್ಟಿಲ್ಲ, ಕರಿಯಾಗಿಲ್ಲ. ಬೆಂದ ಸೊಪ್ಪಿನ ದಂಟಿನ ಹಾಗೆ ಮೆತ್ತಗಾಗಿ, ಕಂದಾಗಿ, ಚಪ್ಪಟೆಯಾಗಿ ಮಲಗಿದ್ದವು.

ಬೆಂದ.

ಅವಳ ಕೈ ನಿಂತಿತು. ತಲೆ ನಿಧಾನವಾಗಿ ಎಡಕ್ಕೆ ತಿರುಗಿತು. ಮೂಲೆಯಲ್ಲಿ ಸೊಂಟದೆತ್ತರದ ಉಕ್ಕಿನ ಪಾತ್ರೆ ನಿಂತಿತ್ತು. ಹಬೆಯ ಒತ್ತಡದಲ್ಲಿ ಗಾಜು, ಬಟ್ಟೆ, ಮಣ್ಣು ಎಲ್ಲವನ್ನೂ ಶುದ್ಧಿ ಮಾಡುವ ಪಾತ್ರೆ. ಪರೀಕ್ಷಾಲಯದಲ್ಲಿ ಅದನ್ನು ಯಾರೂ ಅದರ ದೊಡ್ಡ ಹೆಸರಿನಿಂದ ಕರೆದವರಲ್ಲ. ಎಲ್ಲರಿಗೂ ಅದು ಕುಕ್ಕರ್.

ಹೆಣ ತಾಗಿದ ಮಣ್ಣು ಪರೀಕ್ಷೆಯಾದ ಮೇಲೆ ಎರಡು ಸಲ ಕುಕ್ಕರ್‌ಗೆ ಹೋಗಬೇಕು, ಆಮೇಲೆಯೇ ಬೀರು ಸೇರಬೇಕು. ರೋಗ ಹರಡದಿರಲಿ ಎಂದು ಇಲ್ಲಿ ಮಾಡಿಕೊಂಡ ನಿಯಮ. ಜೇಡಿಗುಂಡಿಯ ಹೆಣದ ಕೆಳಗಿನ ಮಣ್ಣನ್ನೂ ಹೋದ ಬುಧವಾರ ಹಾಗೇ ಬೇಯಿಸಿ, ಗಾಜಿನ ಜಾಡಿಗೆ ತುಂಬಿ, ಚೀಟಿ ಅಂಟಿಸಿ ಬೀರುವಿಗೆ ಇಟ್ಟವಳು ಅವಳೇ. ಆಗಿನ್ನೂ ತಮ್ಮನ ಹೆಸರು ಯಾರ ಬಾಯಲ್ಲೂ ಇರಲಿಲ್ಲ.

ಕೊರಳಿನ ದಾರದಿಂದ ಕೀಲಿ ತೆಗೆದಳು. ಬೀರು ತೆರೆದು, ಜಾಡಿ ತಂದು ತಕ್ಕಡಿಯ ಮೇಲಿಟ್ಟಳು.

ಚೀಟಿಯಲ್ಲಿ ಅವಳದೇ ದುಂಡು ಅಕ್ಷರ: ಮುಚ್ಚಳ ಸೇರಿ ೬೧೨ ಗ್ರಾಂ.

ತಕ್ಕಡಿ ಹೇಳಿತು: ೫೭೧.

"ಊಟಕ್ಕೆ ಹೋಗಿಲ್ವೇನಮ್ಮ ನೀನು?"

ಬಾಗಿಲಲ್ಲಿ ಮೇಡಂ ನಿಂತಿದ್ದರು. ಕನ್ನಡಕ ದಾರದಲ್ಲಿ ಎದೆಯ ಮೇಲೆ ತೂಗುತ್ತಿತ್ತು. ಕಣ್ಣು ಮೊದಲು ಅವಳ ಮೇಲೆ, ಆಮೇಲೆ ನಾಲ್ಕು ಟ್ಯೂಬುಗಳ ಮೇಲೆ, ಆಮೇಲೆ ತೆರೆದ ಲಕೋಟೆಯ ಮೇಲೆ ಹೋಯಿತು. ಬಾಗಿಲನ್ನು ಹಿಂದಿನಿಂದ ಮೆಲ್ಲಗೆ ಒತ್ತಿ ಮುಚ್ಚಿದರು.

"ಏನ್ ಮಾಡಿದೀಯ ನೀನು?"

"ಒಂದು ಗ್ರಾಂ ತಗೊಂಡೆ ಮೇಡಂ."

"ತಗೊಂಡೆ ಅನ್ನಬೇಡ. ಕದ್ದೆ ಅನ್ನು. ನಾನೇ ನಿನಗೆ ತಕ್ಕಡಿ ಹಿಡಿಯೋದು ಕಲಿಸಿದ್ದು. ನಾನೇ ಈಗ ನಿನ್ನ ಮೇಲೆ ದೂರು ಬರೀಬೇಕು, ಗೊತ್ತಾ?"

"ಬರೀರಿ. ಮೊದಲು ಇದನ್ನ ನೋಡಿ."

"ನಂಗೆ ನೋಡೋಕೆ ಏನೂ ಇಲ್ಲ. ರಂಜಕ ಹೊಂದುತ್ತೆ, ಜೇಡಿ ಮರಳಿನ ಪಾಲು ಹೊಂದುತ್ತೆ. ಗುದ್ದಲಿಯ ಮಣ್ಣು ಹೆಣದ ಕೆಳಗಿನ ಮಣ್ಣೇ. ನಾನು ನಿನ್ನ ತಮ್ಮನ ಮೇಲೆ ಹಗೆ ಸಾಧಿಸ್ತಿಲ್ಲ. ಅಂಕಿ ಹೇಳಿದ್ದನ್ನ ಹೇಳ್ತಿದೀನಿ."

"ಹೊಂದಲೇಬೇಕು ಮೇಡಂ. ಅದು ಹೆಣದ ಕೆಳಗಿನ ಮಣ್ಣೇ."

ಮೇಡಂ ಈ ಉತ್ತರ ನಿರೀಕ್ಷಿಸಿರಲಿಲ್ಲ.

"ಅದೇ ಮಣ್ಣು. ಆದ್ರೆ ಗುಂಡಿಯಿಂದ ಗುದ್ದಲಿಗೆ ಬಂದಿಲ್ಲ. ಗುಂಡಿಯಿಂದ ಇಲ್ಲಿಗೆ ಬಂತು, ಕುಕ್ಕರ್‌ಗೆ ಹೋಯ್ತು, ಬೀರು ಸೇರ್ತು. ಬೀರುವಿಂದ ಗುದ್ದಲಿಗೆ ಹೋಯ್ತು."

ಹೊರಗೆ ಯಾರೋ ಬಕೆಟ್ ಎಳೆದುಕೊಂಡು ಹೋದ ಸದ್ದು. ಮೇಡಂ ಕನ್ನಡಕ ಏರಿಸಿ ಮೂರನೆಯ ಟ್ಯೂಬನ್ನು ಎತ್ತಿದರು.

"ಗುದ್ದಲಿ ನರ್ಸರಿ ಶೆಡ್ಡಿನ ಹೊರಗೆ ಬಿಸಿಲಲ್ಲಿ ಬಿದ್ದಿತ್ತು ಅಂತ ಪೊಲೀಸರು ಬರೆದಿದ್ದಾರೆ. ಬಿಸಿಲಿಗೆ ಸತ್ತಿರಬಹುದು."

"ಬಿಸಿಲಿಗೆ ಒಣಗುತ್ತೆ, ಸಾಯಲ್ಲ. ಆ ಕಪಾಟಿನಲ್ಲಿ ಎರಡು ವರ್ಷದಿಂದ ಒಣಗಿರೋ ಮಣ್ಣಿದೆ, ಇವತ್ತಿಗೂ ಹಳದಿ ಬರುತ್ತೆ. ನೀವೇ ಹೋದ ತಿಂಗಳು ನೋಡಿದ್ರಿ."

"ಬೆಂಕಿಗೆ ಬಿದ್ದಿದ್ರೆ?"

"ಬೇರು ಸುಟ್ಟಿರಬೇಕಿತ್ತು. ಮಣ್ಣು ಇಟ್ಟಿಗೆ ಬಣ್ಣಕ್ಕೆ ತಿರುಗಬೇಕಿತ್ತು." ಅವಳು ಭೂತಗನ್ನಡಿ ಮುಂದೆ ಸರಿಸಿದಳು. "ನೋಡಿ, ಹಬೇಲಿ ಬೆಂದಿವೆ. ಇನ್ನೊಂದು ವಿಷಯ. ನಿಮ್ಮ ಅಂಕಿಯಲ್ಲಿ ಗುದ್ದಲಿ ಮಣ್ಣಿನ ಕರಗೋ ರಂಜಕ ನಲವತ್ತೆಂಟು. ಹೆಣದ ಕೆಳಗಿನ ಮಣ್ಣು ಬಂದ ದಿನ ನಾನು ನೋಡಿದಾಗ ನಲವತ್ತೊಂದು. ಏಳು ಹೆಚ್ಚು ಹೇಗಾಯ್ತು?"

"ಯಂತ್ರಕ್ಕೆ ವಯಸ್ಸಾಗಿದೆ. ನನ್ನ ಹಾಗೆ."

"ಕುಕ್ಕರ್‌ನಲ್ಲಿ ಸೂಕ್ಷ್ಮಜೀವಿಗಳು ಒಡೆದಾಗ ಅವುಗಳ ಹೊಟ್ಟೇಲಿದ್ದ ರಂಜಕ ಹೊರಗೆ ಬೀಳುತ್ತೆ. ಜಾಡಿ ಮಣ್ಣನ್ನ ಒಂದು ಸಲ ನೋಡಿ ಮೇಡಂ. ನಲವತ್ತೆಂಟು ಬರದಿದ್ರೆ ನಾನೇ ನಡೆದು ಹೋಗಿ ಸ್ಟೇಷನ್ನಿನಲ್ಲಿ ಕೂತ್ಕೋತೀನಿ."

ಮೇಡಂ ಕುರ್ಚಿ ಎಳೆದು ಕುಳಿತರು. ಇದ್ದಕ್ಕಿದ್ದಂತೆ ಐವತ್ತೊಂಬತ್ತರ ಮುಖಕ್ಕೆ ಇನ್ನಷ್ಟು ವಯಸ್ಸಾಯಿತು.

"ಯಾರಾದ್ರೂ ಗುಂಡಿಯಿಂದಲೇ ತಂದು ಮೆತ್ತಬಹುದಿತ್ತಲ್ಲ? ಇಲ್ಲಿಗೆ ಯಾಕೆ ಬರಬೇಕು?"

"ಹೆಣ ಸಿಕ್ಕ ಮೇಲೆ ಗುಂಡಿ ಸುತ್ತ ಪೊಲೀಸ್ ಕಾವಲು. ಅಂಚಿನ ಮಣ್ಣು ಸಿಗುತ್ತೆ, ಹೆಣದ ಕೆಳಗಿನದು ಸಿಗಲ್ಲ. ಅಂಚಿನ ಮಣ್ಣಲ್ಲಿ ಅಷ್ಟು ರಂಜಕ ಇಲ್ಲ ಅಂತ ಗೊತ್ತಿದ್ದವರು ಮಾಡಿದ್ದು."

"ಅಂದ್ರೆ ನಮ್ಮವರೇ."

"ನಮ್ಮವರೇ. ಬೀರುವಿಗೆ ಎರಡೇ ಕೀಲಿ ಮೇಡಂ. ಒಂದು ನನ್ನದು."

ಮಾತು ಬಾಯಿಂದ ಜಾರಿ ಆಗಿತ್ತು. ಅದನ್ನು ಹಿಂದಕ್ಕೆ ತೆಗೆದುಕೊಳ್ಳುವ ಮನಸ್ಸೂ ಅವಳಿಗಿರಲಿಲ್ಲ. ಈ ಹೆಂಗಸು ಅವಳ ಮದುವೆಯಲ್ಲಿ ತಾಯಿಯ ಪಕ್ಕ ನಿಂತವರು. ಆದರೂ ಅವಳು ಕಣ್ಣು ಕೆಳಗೆ ಹಾಕಲಿಲ್ಲ.

ಮೇಡಂ ಜಾಡಿಯ ಚೀಟಿ ಓದಿ, ತಕ್ಕಡಿಯ ಅಂಕಿ ನೋಡಿದರು. ಕೋಪ ಬರಲಿಲ್ಲ. ಬಂದಿದ್ದರೆ ಅವಳಿಗೆ ಸುಲಭವಾಗುತ್ತಿತ್ತು.

"ಲಕೋಟೇಲಿ ಎಷ್ಟು ಮಣ್ಣು ಉಳಿದಿದೆ?"

"ಒಂದು ಗ್ರಾಂ ಚಿಲ್ಲರೆ. ಒಂದು ಸಲಕ್ಕೆ ಸಾಕು. ಎರಡನೇ ಸಲಕ್ಕಿಲ್ಲ."

"ನೀನು ಮಾಡಿದ ಪರೀಕ್ಷೆ ಕೋರ್ಟಿನಲ್ಲಿ ಕಸ. ಅಕ್ಕ ತಮ್ಮನಿಗೆ ಮಾಡಿದ್ದು ಅಂತ ಬಿಸಾಕ್ತಾರೆ. ನಾನು ಮಾಡ್ತೀನಿ. ನೀನು ಆ ಗೋಡೆ ಹತ್ರ ಕೈ ಕಟ್ಕೊಂಡು ನಿಂತ್ಕೋ. ಏನನ್ನೂ ಮುಟ್ಟಕೂಡದು. ಕೆಮ್ಮು ಬಂದ್ರೆ ಆಚೆ ಹೋಗಿ ಕೆಮ್ಮು."

ಎರಡೂಕಾಲಿಗೆ ಮೇಡಂ ಟ್ಯೂಬುಗಳನ್ನು ಬಿಸಿನೀರಿನ ತೊಟ್ಟಿಗೆ ಇಳಿಸಿದರು. ಮೂವತ್ತೇಳು ಡಿಗ್ರಿ, ಒಂದು ಗಂಟೆ. ಅದಕ್ಕಿಂತ ಬೇಗ ಮಾಡುವ ದಾರಿಯಿಲ್ಲ. ಕತ್ತರಿಗಳಿಗೆ ತಮ್ಮನ ಕೋರ್ಟು ಗೊತ್ತಿಲ್ಲ.

ಕಾಯುತ್ತಲೇ ಮೇಡಂ ಜಾಡಿಯ ಮಣ್ಣಿನ ರಂಜಕ ನೋಡಿದರು. ಅಂಕಿಯನ್ನು ಬಾಯಿಬಿಟ್ಟು ಹೇಳಲಿಲ್ಲ. ಬರೆದು, ಹಾಳೆಯನ್ನು ಅವಳ ಕಡೆ ತಿರುಗಿಸಿದರು. ನಲವತ್ತೇಳೂವರೆ.

ಗೋಡೆಗೆ ಒರಗಿದ ಅವಳು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಮೇಡಂ ಕೈಗಳನ್ನೇ ಕಾಯುತ್ತಿದ್ದಳು. ಅದು ಮೇಡಂಗೂ ಗೊತ್ತಿತ್ತು. ಪ್ರತಿ ಸಲ ಸೀಸೆ ಎತ್ತಿದಾಗಲೂ ಅದರ ಚೀಟಿಯನ್ನು ಅವಳಿಗೆ ಕಾಣುವ ಹಾಗೆ ತಿರುಗಿಸಿ ಹಿಡಿಯುತ್ತಿದ್ದರು. ಆ ಸಣ್ಣ ಸೌಜನ್ಯ ಕಂಡರೂ ಅವಳು ಕಣ್ಣು ಕದಲಿಸಲಿಲ್ಲ. ಲಾಕಪ್ಪಿನ ಸಿಮೆಂಟು ನೆಲದ ಮೇಲೆ ಕಾಲು ಮುದುರಿಕೊಂಡು ಕುಳಿತವನು ಇವರ ಯಾರ ಸೌಜನ್ಯಕ್ಕೂ ಹೊರಗೆ ಬರಲಾರ.

ಮೂರೂಕಾಲು. ಕ್ಷಾರ. ಸೋಸುವ ಕಾಗದ. ಹನಿ, ಹನಿ, ಹನಿ.

ಅಂಚಿನ ಮಣ್ಣು ಹಳದಿಯಾಯಿತು. ಗುದ್ದಲಿಯ ಮಣ್ಣು ಆಗಲಿಲ್ಲ. ಜಾಡಿಯ ಮಣ್ಣೂ ಆಗಲಿಲ್ಲ.

"ಸರಿ," ಎಂದರು ಮೇಡಂ. ಪೆನ್ನು ತೆಗೆದರು. ತಮ್ಮ ನಿವೃತ್ತಿಗೆ ಐದು ತಿಂಗಳಿರುವಾಗ, ತಮ್ಮ ಬೀರುವಿನಿಂದಲೇ ಸಾಕ್ಷ್ಯ ಕಳುವಾಯಿತು ಎಂದು ತಮ್ಮ ಕೈಯಿಂದಲೇ ಬರೆಯತೊಡಗಿದರು. ಅರ್ಧ ಪುಟ ಬರೆದು ನಿಲ್ಲಿಸಿದರು.

"ಕೀಲಿ ವಿಷಯ ಬರೀಬೇಕಾಗುತ್ತೆ."

"ಬರೀರಿ."

"ಬರೆಯೋದಕ್ಕೆ ಮುಂಚೆ ಇದನ್ನ ನೋಡು."

ಮೇಜಿನ ಖಾನೆ ಎಳೆದು ಒಂದು ಚಿಕ್ಕ ಪೊಟ್ಟಣ ತೆಗೆದರು. ಬಿಚ್ಚಿದರು. ಒಳಗೆ ಕೀಲಿಯ ತಲೆ ಮಾತ್ರ ಇತ್ತು. ಹಲ್ಲಿನ ಭಾಗ ಇರಲಿಲ್ಲ. ಮುರಿದ ಜಾಗಕ್ಕೆ ಆಗಲೇ ತುಕ್ಕು ಹತ್ತಿತ್ತು.

"ಎರಡು ತಿಂಗಳ ಹಿಂದೆ ಬೀಗದೊಳಗೇ ಮುರಿದು ಹೋಯ್ತು. ಚಿಮಟ ಹಾಕಿ ತುಂಡನ್ನ ಹೊರಗೆ ಎಳೆದೆ. ಹೊಸದು ಮಾಡಿಸೋಕೆ ಮೇಲಿನವರ ಅನುಮತಿ ಬೇಕು, ಯಾಕೆ ಮುರೀತು ಅಂತ ವಿವರಣೆ ಕೊಡಬೇಕು. ನಾಚಿಕೆ ಆಯ್ತು. ಯಾರಿಗೂ ಹೇಳಲಿಲ್ಲ." ಮೇಡಂ ಬೆರಳಿನಿಂದ ಆ ತುಂಡನ್ನು ತಿರುಗಿಸಿದರು. "ಆಮೇಲಿಂದ ನಾನು ಬೀರು ತೆಗೆದಿದ್ದು ನೋಡಿದೀಯಾ? 'ಸೊಂಟ ಹಿಡ್ಕೊಂಡಿದೆ, ನೀನೇ ತೆಗೆದು ಕೊಡಮ್ಮ' ಅಂತಿದ್ದೆ. ಎಲ್ಲವನ್ನೂ ನೋಡೋಳು ನೀನು. ಇದೊಂದು ನೋಡಲಿಲ್ಲ."

ಅವಳಿಗೆ ನೆನಪಾಯಿತು. ಪ್ರತಿ ಸಲವೂ ನೆನಪಾಯಿತು. ಬಿಸಿನೀರಿನ ಚೀಲ ತಂದುಕೊಡಲೇ ಎಂದು ತಾನೇ ಕೇಳಿದ್ದೂ ನೆನಪಾಯಿತು.

"ಹಾಗಾದ್ರೆ ಇರೋದು ಒಂದೇ ಕೀಲಿ," ಎಂದಳು. ದನಿ ತನ್ನದೇ ಎಂದು ಅನ್ನಿಸಲಿಲ್ಲ.

"ಒಂದೇ. ನಿನ್ನ ಕೊರಳಲ್ಲಿ. ಇಲ್ಲಿನ ಹಿಂಬಾಗಿಲ ಕೀಲೀನೂ ಅದೇ ದಾರದಲ್ಲಿ." ಮೇಡಂ ಮುಂದಕ್ಕೆ ಬಾಗಿದರು. "ಸೋಮವಾರ ಬೆಳಿಗ್ಗೆ ಯಾರೋ ಅನಾಮಿಕ ಫೋನ್ ಮಾಡಿ ಗುದ್ದಲಿ ನೋಡಿ ಅಂದ. ಅಂದ್ರೆ ಶನಿವಾರ, ಭಾನುವಾರದಲ್ಲಿ ಕೆಲಸ ಆಗಿದೆ. ಆಗ ಈ ದಾರ ಎಲ್ಲಿತ್ತು?"

"ಮನೇಲಿ. ಬಾಗಿಲ ಹಿಂದಿನ ಮೊಳೇಲಿ."

"ಮನೇಲಿ ಯಾರ್ಯಾರಿದ್ರು?"

"ಅಮ್ಮ. ನಮ್ಮ ಯಜಮಾನರು. ತಮ್ಮ." ಹೆಣದ ಕೆಳಗಿನ ಮಣ್ಣಿನ ಸುದ್ದಿಯನ್ನು ಊಟದ ಹೊತ್ತಿನಲ್ಲಿ ಆ ಮೂವರಿಗೂ ಹೇಳಿದವಳು ಅವಳೇ. "ತನ್ನ ಗುದ್ದಲಿಗೆ ತಾನೇ ಯಾರಾದ್ರೂ ಮಣ್ಣು ಮೆತ್ಕೋತಾರಾ ಮೇಡಂ?"

"ಇಲ್ಲ. ಅದಕ್ಕೇ ಕೇಳ್ತಿದೀನಿ. ಈ ಕಾಗದ ಕೊಟ್ರೆ ನಿನ್ನ ತಮ್ಮ ಹೊರಗೆ ಬರ್ತಾನೆ. ಅವನು ಹೊರಗೆ ಬಂದ ಬಾಗಿಲಲ್ಲಿ ನೀನು ಒಳಗೆ ಹೋಗ್ತೀಯ. ನೀನೋ, ನಿನ್ನ ಮನೆಯವರೋ. ಹೇಳು, ಬರೀಲಾ?"

ಗಡಿಯಾರದ ಮುಳ್ಳು ಮೂರು ಮೂವತ್ತೆಂಟಕ್ಕೆ ಜರುಗಿತು. ಈ ಕಾಗದ ಹರಿದು ಹಾಕಿದರೆ ಮನೆಯಲ್ಲಿ ಮೂವರು ಉಳಿಯುತ್ತಾರೆ. ತಮ್ಮ ಉಳಿಯುವುದಿಲ್ಲ. ಅವಳು ಹತ್ತು ವರ್ಷದವಳಿದ್ದಾಗ ಅವನನ್ನು ಸೊಂಟದ ಮೇಲೆ ಹೊತ್ತು ಬೀದಿಯೆಲ್ಲ ತಿರುಗಿಸಿದ್ದಳು. ಇಳಿಸಿದರೆ ಸಾಕು, ಮಣ್ಣು ಬಾಯಿಗೆ ಹಾಕಿಕೊಳ್ಳುತ್ತಿದ್ದ.

"ಬರೀರಿ," ಎಂದಳು. "ಒಂದೇ ಕೀಲಿ ಅಂತ ಬರೀರಿ. ನನ್ನದು ಅಂತ ಬರೀರಿ."

ಮೇಡಂ ಸಹಿ ಹಾಕಿ ಮೊಹರು ಒತ್ತುವುದಕ್ಕೂ ಬಾಗಿಲು ತಟ್ಟುವುದಕ್ಕೂ ಸರಿಹೋಯಿತು.

ಇನ್‌ಸ್ಪೆಕ್ಟರ್ ಹತ್ತು ನಿಮಿಷ ಮುಂಚೆಯೇ ಬಂದಿದ್ದರು. ಟೋಪಿ ಕಂಕುಳಲ್ಲಿತ್ತು. ಯಾವತ್ತೂ ಅವಸರದಲ್ಲಿರುವ ಮನುಷ್ಯ ಇವತ್ತು ಕುರ್ಚಿ ನೋಡಿ ಕುಳಿತರು.

"ವರದಿ ರೆಡಿ ಇದೆ," ಎಂದರು ಮೇಡಂ.

"ಇರಲಿ ಮೇಡಂ, ಈಗ ಅದಕ್ಕೆ ಅಷ್ಟು ಅರ್ಜೆಂಟ್ ಇಲ್ಲ." ಅವರು ಅವಳ ಕಡೆ ನೋಡಲಾರದೆ ಟೋಪಿಯ ಅಂಚು ಸವರಿದರು. "ಅಕ್ಕಾವ್ರೇ, ನಿಮಗೆ ನಾನೇ ಹೇಳಬೇಕು ಅಂತ ಬಂದೆ. ಮಧ್ಯಾಹ್ನ ಹನ್ನೆರಡಕ್ಕೆ ನಿಮ್ಮ ತಮ್ಮ ಪೇಪರ್ ಕೇಳಿದ. ಎಲ್ಲಾ ಒಪ್ಕೊಂಡು ಬರೆದುಕೊಟ್ಟಿದ್ದಾನೆ."

"ಸುಳ್ಳು!" ಅವಳು ಮೇಜು ಹಿಡಿದುಕೊಂಡಳು. "ಹೊಡೆದ್ರಾ ಅವನಿಗೆ?"

"ಆಣೆಗೂ ಇಲ್ಲ. ಯಾರೂ ಮುಟ್ಟಿಲ್ಲ. ತಾನಾಗೇ."

"ಸುಳ್ಳು ಬರೆದಿದ್ದಾನೆ. ಆ ಮಣ್ಣು ಅವನ ಗುದ್ದಲಿಗೆ ಆಮೇಲೆ ಮೆತ್ತಿದ್ದು. ಇಲ್ಲಿದೆ ನೋಡಿ, ಓದಿ. ಈಗಲೇ ಓದಿ!"

ಅವರು ಓದಿದರು. ಮೊದಲ ಪುಟ ನಿಧಾನವಾಗಿ, ಬೆರಳಿಟ್ಟು. ಎರಡನೆಯ ಪುಟದ ಮಧ್ಯದಲ್ಲಿ ಬೆರಳು ನಿಂತಿತು. ಅದೇ ಸಾಲನ್ನು ಇನ್ನೊಮ್ಮೆ ಓದಿದರು. ಎದ್ದು ನಿಂತು ಕೋಣೆಯ ಸುತ್ತ ಕಣ್ಣಾಡಿಸಿದರು, ಮೂಲೆಯ ಉಕ್ಕಿನ ಬೀರುವಿನ ತನಕ.

"ಈ ಬೀರುನಾ?"

"ಹೌದು," ಎಂದರು ಮೇಡಂ.

"ಒಂದೇ ಕೀಲಿ?"

"ಹೌದು."

ಇನ್‌ಸ್ಪೆಕ್ಟರ್ ಜೇಬಿನಿಂದ ನಾಲ್ಕಾಗಿ ಮಡಿಸಿದ ಹಾಳೆಯೊಂದನ್ನು ತೆಗೆದರು. ತಮ್ಮನ ಸೊಟ್ಟ ಅಕ್ಷರ ಅವಳಿಗೆ ಅಷ್ಟು ದೂರದಿಂದಲೇ ಗುರುತು ಸಿಕ್ಕಿತು.

"ಕೊನೇಲಿ ಒಂದು ಸಾಲು ಸೇರಿಸಿದ್ದ. ನಾನು ನಿಮ್ಮ ಮನೆ ಬೀರು ಇರಬೇಕು, ಏನೋ ಬಟ್ಟೆಬರೆ ವಿಷಯ ಅನ್ಕೊಂಡು ಬಿಟ್ಟಿದ್ದೆ." ಅವರು ಓದಿದರು: "'ಬೀರುವಿನ ಕೀಲಿ ಯಾರು ತಗೊಂಡ್ರು ಅಂತ ಅಕ್ಕನನ್ನು ಕೇಳಬೇಡಿ. ಅವಳು ಆಗ ಮಲಗಿದ್ದಳು.'"

ಹಾಳೆ ಮಡಿಸಿದರು. ಈಗ ನೇರವಾಗಿ ಅವಳನ್ನೇ ನೋಡಿದರು.

"ಇಲ್ಲೊಂದು ಬೀರು ಇದೆ, ಅದಕ್ಕೊಂದು ಕೀಲಿ ಇದೆ ಅಂತ ನನಗೆ ಗೊತ್ತಾಗಿದ್ದು ಈ ನಿಮಿಷ. ಲಾಕಪ್ಪಿನಲ್ಲಿರೋ ಅವನಿಗೆ ಹನ್ನೆರಡಕ್ಕೇ ಗೊತ್ತಿತ್ತು. ಹೇಳಿ ಅಕ್ಕಾವ್ರೇ. ನೀವು ಮಲಗಿದ್ದಾಗ ನಿಮ್ಮ ತಮ್ಮ ಯಾರನ್ನ ನೋಡಿದ?"